ಎಂಟನೆಯ ಚೀಲ

ಕಸ ಹೂಳುವ ಜಾಗದಲ್ಲಿ ಕೆಲಸ ಎಂದರೆ ನಮ್ಮವರ ಮುಖ ಹೇಗಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಸ್ವೀಡನ್ನಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದ ಒಂದು ಬಾಡಿಗೆ ಹಾಲ್‌ನಲ್ಲಿ ಕನ್ನಡದವರ ಯುಗಾದಿ ಊಟವಿತ್ತು. ಪಕ್ಕದಲ್ಲಿ ಕೂತ ಹೆಂಗಸು, "ನೀವು ಯಾವ ಕಂಪನಿ?" ಎಂದು ಕೇಳಿದರು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರಿನವರು, ಉಳಿದವರು ಅವರ ಮನೆಯವರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಾರಿಗಳಲ್ಲಿ ಬರುವ ಕಸವನ್ನು ಪರೀಕ್ಷಿಸಿ, ಎಲ್ಲಿ ಹೂಳಬೇಕೋ ಅಲ್ಲಿ ಹೂಳಿಸುವುದು ನನ್ನ ಕೆಲಸ. ಆಕೆ ತಮ್ಮ ಹೋಳಿಗೆಯ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಂಡರು. ರಸಾಯನಶಾಸ್ತ್ರದ ಎಂಎಸ್ಸಿ, ಅದರ ಮೇಲೆ ಇಲ್ಲಿಯದೇ ಇನ್ನೊಂದು ಡಿಗ್ರಿ, ಎಲ್ಲವೂ ಆ ಒಂದು ಗೇಣಿನಲ್ಲಿ ಹೋಯಿತು. ಅಂದಿನಿಂದ ಯಾರಾದರೂ ಕೇಳಿದರೆ "ಎನ್ವಿರಾನ್‌ಮೆಂಟ್‌ನಲ್ಲಿದ್ದೇನೆ" ಅನ್ನುತ್ತಿದ್ದೆ. ಅದೂ ಸುಳ್ಳಲ್ಲ.

ನಮ್ಮ ಜಾಗ ಸ್ಟಾಕ್‌ಹೋಮಿನಿಂದ ಉತ್ತರಕ್ಕೆ, ರೈಲು ಇಳಿದು ಬಸ್ಸು ಹಿಡಿದು ಹೋಗಬೇಕಾದಷ್ಟು ದೂರದಲ್ಲಿತ್ತು. ಊರಿನ ಕಸದ ಗುಡ್ಡದ ಹಾಗೆ ಹೊಗೆ, ನಾಯಿ, ಹದ್ದು ಒಂದೂ ಇರಲಿಲ್ಲ. ಉರಿಯುವಂಥದ್ದನ್ನೂ ಕೊಳೆಯುವಂಥದ್ದನ್ನೂ ಹೂಳಬಾರದೆಂದು ಅಲ್ಲಿ ಆಗಲೇ ಕಾನೂನಾಗಿತ್ತು. ಬರುತ್ತಿದ್ದದ್ದು ಎಣ್ಣೆ ಕುಡಿದ ಮಣ್ಣು, ಬೂದಿ, ಕೆಡವಿದ ಕಟ್ಟಡಗಳ ಅವಶೇಷ, ಹಳೆಯ ಕಲ್ನಾರಿನ, ಎಂದರೆ ಆಸ್ಬೆಸ್ಟಾಸಿನ, ಶೀಟುಗಳು. ಗೇಟಿನ ಬಳಿ ಲಾರಿ ತೂಗುವ ಸೇತುವೆ, ಅದರ ಪಕ್ಕ ನನ್ನ ಕ್ಯಾಬಿನ್. ಲಾರಿ ಬಂದು ನಿಂತ ಮೇಲೆ ಎಂಜಿನ್ ಆರಿಸಬೇಕು, ಚಾಲಕ ಕಾಗದ ಕೊಡಬೇಕು. ಎಲ್ಲಿಂದ ಬಂತು, ಏನು, ಯಾವ ಪರೀಕ್ಷೆಯಾಗಿದೆ, ಇಷ್ಟನ್ನೂ ನೋಡಿ ಆಮೇಲೆ ಏಣಿ ಹತ್ತಿ ಲೋಡನ್ನೇ ನೋಡುತ್ತಿದ್ದೆ. ಕಾಗದಕ್ಕೂ ಲೋಡಿಗೂ ತಾಳೆಯಾಗದಿದ್ದರೆ ಕಾಂಕ್ರೀಟಿನ ಅಂಗಳದಲ್ಲಿ ಸುರಿಸಿ, ಗಾಳಿ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಂತು, ಉದ್ದನೆಯ ಕೋಲಿನಿಂದ ಕೆದಕುತ್ತಿದ್ದೆ. ಮುಚ್ಚಿದ ಡಬ್ಬಿ, ಒದ್ದೆ ದ್ರವ, ಗ್ಯಾಸ್ ಸಿಲಿಂಡರು, ಬ್ಯಾಟರಿ ಕಂಡರೆ ಲಾರಿ ವಾಪಸ್ಸು.

ಕೆಲಸ ಕಲಿಸಿದವನು ನನ್ನ ಮೇಲಧಿಕಾರಿ. ಉತ್ತರ ಸ್ವೀಡನ್ನಿನವನು, ಅರವತ್ತು ದಾಟಿದವನು, ಮಾತನ್ನು ಅಳೆದು ತೂಗಿ ಆಡುವವನು. ಮೊದಲ ದಿನವೇ ಎರಡು ಮಾತು ಹೇಳಿದ. ಏನೆಂದು ಗೊತ್ತಿಲ್ಲದ್ದನ್ನು ಒಳಗೆ ಬಿಡಬೇಡ. ಒಳಗೆ ಬಿಟ್ಟದ್ದನ್ನು ಎಲ್ಲಿಟ್ಟೆ ಎಂದು ಬರೆಯದೆ ಮನೆಗೆ ಹೋಗಬೇಡ. ಇಡೀ ಗುಡ್ಡವನ್ನು ನಕ್ಷೆಯಲ್ಲಿ ಚೌಕಚೌಕವಾಗಿ ಭಾಗ ಮಾಡಿದ್ದರು. ಐವತ್ತು ವರ್ಷದ ನಂತರ ಯಾರಾದರೂ ಬಂದು ಈ ಚೌಕದಲ್ಲಿ ಏನಿದೆ ಎಂದು ಕೇಳಿದರೆ ಉತ್ತರವಿರಬೇಕು ಎನ್ನುತ್ತಿದ್ದ. ನನಗೆ ಆ ಮಾತು ಇಷ್ಟವಾಗುತ್ತಿತ್ತು. ಮನುಷ್ಯರ ಮುಂದೆ ಸಿಡುಕುವ ನನಗೆ ಚೌಕಗಳ ಮುಂದೆ ತಾಳ್ಮೆಯಿತ್ತು.

ಇಷ್ಟವಿದ್ದರೂ ಅದು ಬೋನೇ. ನನ್ನ ಕೆಲಸದ ಪರವಾನಗಿ ಆ ಕಂಪನಿಗೇ ಅಂಟಿಕೊಂಡಿತ್ತು. ಕಂಪನಿ ನನ್ನನ್ನು ಬಿಟ್ಟರೆ ದೇಶವೂ ಬಿಟ್ಟಂತೆ. ಪರವಾನಗಿ ಮುಗಿಯುವ ಮೊದಲೇ ಕಂಪನಿಯ ಪತ್ರ ಹಿಡಿದು ಮುಂದಿನ ಅವಧಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಮೇಲೆ ಉತ್ತರ ಬರುವವರೆಗೆ ದೇಶದಿಂದ ಕಾಲು ಹೊರಗಿಡುವಂತಿಲ್ಲ, ಇಟ್ಟರೆ ವಾಪಸ್ಸು ಬರುವುದು ಖಾತ್ರಿಯಿಲ್ಲ. ಹಿಂದಿನ ಸಲ ಹೀಗೆ ಕಾಯುತ್ತಿದ್ದಾಗಲೇ ಊರಿನಲ್ಲಿ ತಮ್ಮನ ಮದುವೆಯಾಯಿತು. ನಮ್ಮದು ಕರಾವಳಿಯ ಕ್ರಿಶ್ಚಿಯನ್ ಮನೆ. ಮದುವೆಯ ಹಿಂದಿನ ದಿನ ಮದುಮಗನಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದ ಹಾಡುಗಳನ್ನು ನಾನು ಬಸ್‌ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಕೇಳಿದೆ. ಹಿಮದಲ್ಲಿ ಅಳುವುದು ಬಲು ಕಷ್ಟ, ಕಣ್ಣ ರೆಪ್ಪೆ ಅಂಟಿಕೊಳ್ಳುತ್ತದೆ.

ಚೀಲಗಳ ಕಥೆ ಶುರುವಾದದ್ದು ಅದೇ ಹೋಳಿಗೆಯ ಹೆಂಗಸಿನಿಂದ. ಒಂದು ದಿನ ತಾವಾಗಿ ಫೋನು ಮಾಡಿ ಮನೆಗೆ ಕರೆದರು. ಮನೆ ಬದಲಾಯಿಸುತ್ತಿದ್ದರಂತೆ. ಸೊಂಡಿಲು ಮುರಿದ ಮಣ್ಣಿನ ಗಣೇಶ, ತೇವ ಹಿಡಿದ ಎರಡು ದೇವರ ಪಟ ಮೇಜಿನ ಮೇಲಿದ್ದವು.

"ಭಿನ್ನ ಆಗಿದ್ದು ಮನೇಲಿ ಇಟ್ಕೋಬಾರ್ದು. ಇಲ್ಲಿ ಲೇಕ್‌ಗೆ ಬಿಟ್ರೆ ಯಾರಾದ್ರೂ ಪೊಲೀಸ್ ಕರೀತಾರೆ. ಡಸ್ಟ್‌ಬಿನ್‌ಗೆ ಹಾಕೋಕೆ ಕೈ ಬರಲ್ಲ. ನಿಮ್ಮಲ್ಲಿ ಮಣ್ಣು ಇದೆ ಅಲ್ವಾ?" ಎಂದರು.

"ನಮ್ಮಲ್ಲಿ ಹಾಗೆಲ್ಲ ತಗೊಳ್ಳೋ ಹಾಗಿಲ್ಲ" ಎಂದೆ.

"ನೀವು ಕ್ರಿಶ್ಚಿಯನ್ಸ್. ನಿಮಗೆ ದೋಷ ತಟ್ಟಲ್ಲ. ಪ್ಲೀಸ್."

ನಗು ಬಂತು. ತಟ್ಟೆ ಸರಿಸಿದ ಕೈ ಈಗ ನನ್ನ ಕೈ ಹಿಡಿದಿತ್ತು. ಆ ದಿನ ಅವರು ನನಗೆ ಚಿತ್ರಾನ್ನ ಬಡಿಸಿ, ಎರಡನೇ ಸಲವೂ ಬಡಿಸಿ, ಡಬ್ಬಿಗೂ ಹಾಕಿಕೊಟ್ಟರು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬ್ರೆಡ್ಡು ತಿನ್ನುವವಳಿಗೆ ಚಿತ್ರಾನ್ನ ಎಂದರೆ ಸಣ್ಣ ಲಂಚವಲ್ಲ. ಮರುದಿನ ಊಟದ ವಿರಾಮದಲ್ಲಿ, ತುಂಬಿ ಮುಚ್ಚಿಯಾಗಿದ್ದ ಹಳೆಯ ಗುಡ್ಡದ ಬೇಲಿಯಂಚಿನಲ್ಲಿ ಗುದ್ದಲಿಯಿಂದ ಗುಂಡಿ ತೋಡಿ, ಅವರು ಚೀಲದಲ್ಲಿ ಕಟ್ಟಿಕೊಟ್ಟದ್ದನ್ನು ಹೂತೆ. ತೂಗಲಿಲ್ಲ, ಬರೆಯಲಿಲ್ಲ, ನಕ್ಷೆಯಲ್ಲಿ ಗುರುತು ಹಾಕಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಒಂದು ಹೋಗಿ ಏಳಾಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಹಬ್ಬದೂಟಕ್ಕೆ ನನ್ನನ್ನು ಮರೆಯದೆ ಕರೆಯತೊಡಗಿದರು. ಎಲ್ಲರ ಬಾಯಲ್ಲೂ ನಾನು ಅಕ್ಕ. ಹೊರಡುವಾಗ ಯಾರಾದರೊಬ್ಬರು ಬಾಗಿಲ ಬಳಿ ಗಂಟು ಕಟ್ಟಿದ ಬಟ್ಟೆಯ ಚೀಲ ಕೊಡುತ್ತಿದ್ದರು. ನಾನು ಏನಿದೆ ಎಂದು ಕೇಳುತ್ತಿರಲಿಲ್ಲ, ಗಂಟು ಬಿಚ್ಚುತ್ತಿರಲಿಲ್ಲ. ಲಾರಿಯವನ ಮಣ್ಣನ್ನು ಕೋಲು ಹಾಕಿ ಕೆದಕುವವಳು ದೇವರ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯ ಅಜ್ಜಿಯ ದೇವರ ಮಂಟಪದಲ್ಲಿ ಒಂದು ನುಣುಪಾದ ಕಪ್ಪು ಕಲ್ಲು ಕಂಡು ಮುಟ್ಟಿಬಿಟ್ಟಿದ್ದೆ. ಅಜ್ಜಿ ಬೈಯಲಿಲ್ಲ. ಎಲ್ಲ ದೇವರನ್ನೂ ಹೊರಗೆ ತಂದು, ಬಾವಿಯಿಂದ ನೀರು ಸೇದಿ, ಒಂದೊಂದನ್ನೇ ತೊಳೆದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಇನ್ನೊಬ್ಬರ ದೇವರ ತಂಟೆಗೆ ಹೋಗಬಾರದು ಎನ್ನುವುದು ಅಂದು ಮೈಗೆ ಹತ್ತಿತು. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ.

ಎಂಟನೆಯ ಚೀಲ ಬಂದದ್ದು ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಸೊಲ್ಲೆಂಟುನಾದ ರೈಲು ನಿಲ್ದಾಣದಲ್ಲಿ. ತಂದವನು ಬೆಂಗಳೂರಿನ ಹುಡುಗ, ಹತ್ತಿರದ ಆಫೀಸೊಂದರಲ್ಲಿ ಎಂಜಿನಿಯರು, ಮದುವೆಯಾಗಿ ಎರಡು ವರ್ಷ. ಹೆಂಡತಿಗೆ ಆರು ತಿಂಗಳು. ಆಕೆಯನ್ನು ನಾನು ಹಬ್ಬಗಳಲ್ಲಿ ನಾಲ್ಕೈದು ಸಲ ಕಂಡಿದ್ದೆ, ಕಡಿಮೆ ಮಾತಿನ ಹುಡುಗಿ. ಕೆಲಸವಿಲ್ಲದೆ ಇಡೀ ದಿನ ಮನೆಯಲ್ಲೇ ಇರುತ್ತಿದ್ದಳು.

"ಅಕ್ಕ, ಒಂದು ಲಿಂಗ. ಬಿದ್ದು ಕ್ರ್ಯಾಕ್ ಆಗಿದೆ. ಅಮ್ಮ ಫೋನಲ್ಲಿ ಒಂದೇ ಅಳು, ಬಸುರಿ ಇರೋ ಮನೇಲಿ ಭಿನ್ನ ಆಗಿದ್ದು ಇರಬಾರ್ದು ಅಂತ. ನಾಳೆ ಮಂಡೇ, ಶಿವನ ದಿನ. ನಾಳೆನೇ ಮಾಡ್ಬಿಡಿ ಪ್ಲೀಸ್."

"ಆಯ್ತು" ಎಂದೆ. ಚೀಲ ಮುಷ್ಟಿಯಷ್ಟಿದ್ದರೂ ಕೈ ಜಗ್ಗುವಷ್ಟು ಭಾರವಿತ್ತು. ಲಾರಿಯಲ್ಲಿ ಇಷ್ಟು ಸಣ್ಣದಾಗಿ ಇಷ್ಟು ಭಾರವಾದದ್ದು ಬಂದಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಕಲ್ಲಿನದಿರಬೇಕು ಎಂದುಕೊಂಡು ಸುಮ್ಮನಾದೆ. ಅನ್ಯರ ದೇವರನ್ನು ಚಪ್ಪಲಿಯ ಪಕ್ಕ ಇಡಬಾರದೆಂದು ರಾತ್ರಿ ಬಾಲ್ಕನಿಯಲ್ಲಿಟ್ಟೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಕ್ಯಾಬಿನ್ ತೆರೆದೆ. ಹೊರಗೆ ಇನ್ನೂ ಕತ್ತಲು, ಮೈನಸ್ ಹದಿನಾಲ್ಕು. ಗುದ್ದಲಿ ನೆಲಕ್ಕೆ ಇಳಿಯುವಂತಿರಲಿಲ್ಲ, ಮಣ್ಣೆಲ್ಲ ಕಲ್ಲಾಗಿತ್ತು. ಚೀಲವನ್ನು ಹೀಟರಿನ ಮೇಲಿನ ಬೆಂಚಿನ ಮೇಲಿಟ್ಟು ಎರಡು ಲಾರಿ ನೋಡಿ ಬಂದೆ. ಎಂಟರ ಹೊತ್ತಿಗೆ ಅದನ್ನು ಪಕ್ಕಕ್ಕೆ ಸರಿಸೋಣವೆಂದು ಎತ್ತಿದರೆ ಬಟ್ಟೆಯ ಹೊಲಿಗೆಯಿಂದ ಸಾಸಿವೆಯಷ್ಟು ದೊಡ್ಡ ಬೆಳ್ಳಿಯ ಮಣಿಯೊಂದು ಉದುರಿತು. ಉದುರಿ, ಎರಡಾಗಿ, ಮತ್ತೆ ಕೂಡಿ ಒಂದಾಗಿ ಬೆಂಚಿನಂಚಿಗೆ ಓಡಿತು.

ಪಾದರಸ. ಅದಕ್ಕೆ ಪರೀಕ್ಷೆ ಬೇಕಿರಲಿಲ್ಲ.

ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಹೀಟರ್ ಆರಿಸಿದೆ, ಕಿಟಕಿ ಬಾಗಿಲು ತೆರೆದೆ, ಗ್ಲೌಸು ಹಾಕಿ ಚೀಲವನ್ನು ಮುಚ್ಚಳವಿರುವ ಬಕೆಟ್ಟಿಗಿಳಿಸಿದೆ. ಮಣಿಯನ್ನು ಕಾಗದದ ಅಂಚಿನಿಂದ ಎತ್ತಿ ಅದಕ್ಕೇ ಹಾಕಿದೆ. ಬಕೆಟ್ಟನ್ನು ಹೊರಗೆ ಅಪಾಯದ ವಸ್ತುಗಳಿಗೆಂದೇ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಹೊಳೆಯಿತು. ಚೀಲಕ್ಕೆ ಬಾರದೆ ಉಳಿದದ್ದು ಎಲ್ಲಿದೆ? ಚೀಲಕ್ಕೆ ಪಿನ್ನು ಚುಚ್ಚಿದ್ದ, ಬಕೆಟ್ಟಿಗಿಳಿಸುವಾಗ ಬಿಡಿಸಿಟ್ಟಿದ್ದ ಚೀಟಿಯಲ್ಲಿ ಎರಡು ನಂಬರುಗಳಿದ್ದವು, ಆತನ ಮೊಬೈಲು ಮತ್ತು ಮನೆಯ ಫೋನು. ನಾನು ಆತನ ಮೊಬೈಲಿಗೆ ಮಾಡಿ ಲಿಂಗ ಯಾತರದ್ದೆಂದು ಕೇಳಿದೆ.

"ಒರಿಜಿನಲ್ ಪಾದರಸ ಅಕ್ಕ, ಗಟ್ಟಿ ಮಾಡಿರೋ ಲಿಂಗ. ಅಮ್ಮ ಸ್ಪೆಷಲ್ ಆಗಿ ತರಿಸಿದ್ದು, ಮಗುಗೆ ಒಳ್ಳೇದಾಗ್ಲಿ ಅಂತ."

"ಎಲ್ಲಿ ಬಿತ್ತು?"

"ಪೂಜೆ ಶೆಲ್ಫ್ ಇಂದ ಕೆಳಗೆ. ಹೀಟರ್ ಪಕ್ಕ ಕಾರ್ಪೆಟ್ ಮೇಲೆ. ವೆಡ್ನೆಸ್‌ಡೇ."

"ಚೆಲ್ಲಿತಾ?"

"ಸ್ವಲ್ಪ ಗುಂಡುಗುಂಡಾಗಿ ಓಡಾಡ್ತಿತ್ತು. ಡೋಂಟ್ ವರಿ, ವ್ಯಾಕ್ಯೂಮ್ ಮಾಡ್ಬಿಟ್ವಿ. ಇವಳು ಡೈಲಿ ಮಾಡ್ತಿದಾಳೆ. ದಿನಾ ಒಂದೆರಡು ಸಿಗುತ್ತೆ, ಕುಂಕುಮದ ಭರಣಿಗೆ ಹಾಕಿಡ್ತಾಳೆ. ಲಕ್ಷ್ಮಿ ಥರ ಇದೆ ಅಂತಾಳೆ."

ಪಾದರಸಕ್ಕೆ ವ್ಯಾಕ್ಯೂಮ್ ಹಾಕುವುದೆಂದರೆ ಬಿಸಿ ಮಾಡಿ ಮನೆ ತುಂಬ ಊದಿದಂತೆ. ಅದರ ಹಬೆಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ವೀಡನ್ನಿನ ಮನೆಗಳಲ್ಲಿ ಚಳಿಗಾಲದ ಕಿಟಕಿಗಳನ್ನು ಯಾರೂ ತೆರೆಯುವುದಿಲ್ಲ. ಬುಧವಾರದಿಂದ ಐದು ದಿನ ಆ ಹುಡುಗಿ ಅದೇ ಗಾಳಿಯನ್ನು ಇಬ್ಬರಿಗಾಗಿ ಉಸಿರಾಡಿದ್ದಳು. ಇದನ್ನು ಆತನಿಗೆ ಬಿಡಿಸಿ ಹೇಳಿದೆ. ಆಕೆಯನ್ನು ಈಗಲೇ ಹೊರಗೆ ಕರೆದುಕೊಂಡು ಹೋಗಬೇಕು, ಕೊಮ್ಮೂನಿನವರಿಗೆ, ಎಂದರೆ ಊರಿನ ಆಡಳಿತಕ್ಕೆ, ತಿಳಿಸಬೇಕು ಎಂದೆ.

"ಕೊಮ್ಮೂನ್ ಬೇಡ ಅಕ್ಕ! ಮನೆ ಸೆಕೆಂಡ್ ಹ್ಯಾಂಡ್, ಬಾಡಿಗೆಗಿದ್ದವರು ಓನರ್ ಪರ್ಮಿಷನ್ ಇಲ್ದೆ ನಮಗೆ ಬಾಡಿಗೆಗೆ ಕೊಟ್ಟಿರೋದು. ನನ್ನ ಪರ್ಮಿಟ್ ಬೇರೆ ರಿನ್ಯೂವಲ್‌ಗೆ ಹೋಗಿದೆ. ಸುಮ್ನೆ ಹೂತ್ಬಿಡಿ. ನಿಮ್ಮಲ್ಲಿ ಅದಕ್ಕೇ ಅಲ್ವಾ ಜಾಗ ಇರೋದು?"

"ಮೊದಲು ಅವಳನ್ನು ಹೊರಗೆ ಕರ್ಕೊಂಡು ಹೋಗು."

"ಒಂಬತ್ತಕ್ಕೆ ಒಂದು ಮೀಟಿಂಗ್ ಇದೆ. ಮುಗಿಸ್ಕೊಂಡು ಹೋಗ್ತೀನಿ."

ಆಗ ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. "ಸರಿ" ಎಂದು ಫೋನಿಟ್ಟೆ.

ಯಾಕೆಂದರೆ ನನ್ನ ಪರವಾನಗಿಯ ಪತ್ರಕ್ಕೆ ಅವತ್ತೇ ಸಹಿಯಾಗುವುದಿತ್ತು. ಮೇಲಧಿಕಾರಿ ಮುಖ್ಯ ಕಚೇರಿಗೆ ಹೋಗಿದ್ದ, ಹನ್ನೊಂದಕ್ಕೆ ಬರುವವನಿದ್ದ. ಪತ್ರ ಟೈಪಾಗಿ ಆತನ ಮೇಜಿನ ಮೇಲಿತ್ತು. ಆ ತಿಂಗಳ ಕೊನೆಗೆ ನನ್ನ ಪರವಾನಗಿ ಮುಗಿಯುತ್ತಿತ್ತು. ಕೊಮ್ಮೂನಿಗೆ ಫೋನು ಮಾಡಿದರೆ ಪಾದರಸ ನನ್ನ ಕೈಗೆ ಹೇಗೆ ಬಂತೆಂದು ಕೇಳುತ್ತಾರೆ. ಕೇಳಿದರೆ ಎಂಟು ಚೀಲದ ಕಥೆಯೂ ಹೊರಬರುತ್ತದೆ. ಪರೀಕ್ಷೆ ಮಾಡಬೇಕಾದವಳೇ ಗಂಟು ಬಿಚ್ಚದೆ ಏಳು ಚೀಲ ಹೂತಿದ್ದಾಳೆ ಎಂದು ತಿಳಿದ ಮೇಲೆ ಯಾರು ಸಹಿ ಹಾಕುತ್ತಾರೆ? ಅತ್ತ ದರಿ, ಇತ್ತ ಪುಲಿ. ಗಂಡನಿಗೆ ಹೇಳಿಯಾಗಿದೆ, ಅವನು ಹೋಗುತ್ತಾನೆ, ಹೆಚ್ಚೆಂದರೆ ಹತ್ತು ಗಂಟೆ, ಹತ್ತೂವರೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯ ಫೋನಿನ ನಂಬರು ಎದುರಿಗೇ ಇತ್ತು. ಆ ಹುಡುಗಿಯ ದನಿ ಕೇಳಿದರೆ ಸುಮ್ಮನಿರಲು ಆಗುವುದಿಲ್ಲವೆಂದು ನನಗೆ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

ಕಿಟಕಿ ತೆರೆದಿಟ್ಟ ಕ್ಯಾಬಿನ್ನಿನಲ್ಲಿ ಜಾಕೆಟ್ಟು ಹಾಕಿಕೊಂಡೇ ಕೂತೆ. ಒಂಬತ್ತೂವರೆಗೆ ಕಲ್ನಾರಿನ ಲಾರಿ ಬಂತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕುತ್ತು, ಅದನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಕು. ಚೀಲಗಳನ್ನು ಮೇಲಿನಿಂದ ಬೀಳಿಸುವಂತಿಲ್ಲ, ಒಂದೊಂದಾಗಿ ಗುಂಡಿಗಿಳಿಸಿ, ಅವತ್ತೇ ಮಣ್ಣು ಮುಚ್ಚಬೇಕು. ಮುಚ್ಚುವವರೆಗೆ ಭಾರದ ಯಂತ್ರ ಅದರ ಮೇಲೆ ಹೋಗಬಾರದು. ಏಣಿ ಹತ್ತಿ ನೋಡಿದರೆ ಮೂಲೆಯ ಒಂದು ಚೀಲ ಬೆರಳಷ್ಟು ಹರಿದಿತ್ತು.

"ವಾಪಸ್ಸು" ಎಂದೆ.

"ಇಷ್ಟೇ ಇಷ್ಟು ಹರಿದಿದೆ" ಎಂದ ಚಾಲಕ. "ಟೇಪು ಹಚ್ಚಿದರೆ ಮುಗಿಯಿತು."

"ಲಾರಿಯೊಳಗೆ ಉದುರಿದ್ದು ಟೇಪಿಗೆ ಅಂಟಿಕೊಳ್ಳುತ್ತಾ? ಬಲಗಡೆ ನಿಲ್ಲಿಸು. ಒದ್ದೆ ಮಾಡಿ, ಹೊಸ ಚೀಲ ಹಾಕಿಸಿ, ಲಾರಿ ತೊಳೆಸಿ ಆಮೇಲೆ ಒಳಗೆ."

ಆತ ಗೊಣಗಿದ. ನಾನು ಕೂಗಾಡಿದೆ. ಒಂದು ಬೆರಳಿನ ಹರುಕಿಗೆ ಅಷ್ಟು ಕೂಗಬೇಕಿರಲಿಲ್ಲ. ಮುಖವಾಡ ಹಾಕಿ, ಬಿಳಿ ಮೇಲಂಗಿ ತೊಟ್ಟು, ಹೊಸ ಚೀಲಕ್ಕೆ ನಾನೇ ಗಂಟು ಹಾಕಿದೆ. ಗುಂಡಿಯ ಬಳಿ ನಿಂತು ಚೀಲಗಳನ್ನು ಒಂದೊಂದಾಗಿ ಇಳಿಸುವ ಹಾಗೆ ನೋಡಿಕೊಂಡೆ. ಮಣ್ಣು ಬಿತ್ತು, ಚೌಕದ ಸಂಖ್ಯೆ ಬರೆದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಳಕು ಬದಿಯಿಂದ ಶುದ್ಧ ಬದಿಗೆ ಸ್ನಾನ ಮಾಡಿಯೇ ದಾಟಬೇಕು. ದಾಟಿದೆ. ಆ ಬೆಳಿಗ್ಗೆ ಗುಡ್ಡದ ಮೇಲೆ ನನ್ನ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಬಿಸಿ ನೀರಿನ ಕೆಳಗೆ ನಿಂತಾಗ ಆ ಹುಡುಗಿ ಈ ಹೊತ್ತಿಗೆ ವ್ಯಾಕ್ಯೂಮ್ ಹಚ್ಚಿರಬಹುದೇ ಎಂಬ ಯೋಚನೆ ಬಂತು. ಅದನ್ನು ತಳ್ಳಿದೆ, ಮತ್ತೆ ಬಂತು.

ಹನ್ನೊಂದು ಹತ್ತಕ್ಕೆ ಮೇಲಧಿಕಾರಿ ಬಂದ. ಫೀಕಾಕ್ಕೆ ಕೂರೋಣ ಎಂದ. ಹನ್ನೊಂದರ ಕಾಫಿ ಅವರಿಗೆ ಪೂಜೆಯಿದ್ದ ಹಾಗೆ, ತಪ್ಪಿಸುವಂತಿಲ್ಲ. ಏಲಕ್ಕಿ ಬನ್ನು ಮುರಿಯುತ್ತ ಪತ್ರವನ್ನು ಎರಡೆರಡು ಸಲ ಓದಿದ. ಒಂದು ಪದಕ್ಕೆ ಹುಬ್ಬು ಗಂಟಿಕ್ಕಿದ. ಜೇಬಿನಲ್ಲಿ ಪೆನ್ನು ಹುಡುಕಿದ, ಸಿಗಲಿಲ್ಲ, ಎದ್ದು ಹೋಗಿ ತಂದ. ನನಗೆ ಆತನ ಕೈ ಹಿಡಿದು ಬರೆಸಿಬಿಡೋಣ ಎನ್ನಿಸುತ್ತಿತ್ತು. ಕೊನೆಗೆ ಸಹಿ ಹಾಕಿದ. "ಒಳ್ಳೆಯ ಕೆಲಸಗಾರ್ತಿ ನೀನು" ಎಂದು ಪತ್ರ ಚಾಚಿದ. ಅದನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡು ಹೊರಗೆ ಬಂದು ಗಂಡನಿಗೆ ಫೋನು ಮಾಡಿದೆ. ಹನ್ನೊಂದೂವರೆಯಾಗಿತ್ತು.

ಪಿಸುಗುಟ್ಟಿದ. "ಅಕ್ಕ, ಮೀಟಿಂಗ್ ಎಕ್ಸ್‌ಟೆಂಡ್ ಆಯ್ತು. ಲಂಚ್ ಆದ್ಮೇಲೆ..."

"ಎಂತ ಮೀಟಿಂಗ್ ಮಾರಾಯ ನಿಂದು! ಹೆಂಡತಿ ಮಗುಗಿಂತ ದೊಡ್ಡ ಮೀಟಿಂಗ್ ಎಂತದು?" ಬೆಂಗಳೂರಿನವರೆದುರು ಒತ್ತಿ ಹಿಡಿದಿಟ್ಟಿದ್ದ ಊರ ಮಾತೆಲ್ಲ ಒಟ್ಟಿಗೇ ಹೊರಬಂತು. ಆತನಿಗೆ ಬೈದ ಒಂದೊಂದು ಮಾತೂ ನನಗೇ ಸಲ್ಲಬೇಕಾದದ್ದು ಎಂದು ಬೈಯುವಾಗಲೇ ಗೊತ್ತಿತ್ತು. ಫೋನಿಟ್ಟು ಮನೆಯ ನಂಬರು ಒತ್ತಿದೆ.

ಮೊದಲ ರಿಂಗಿಗೇ ಎತ್ತಿದಳು. ಫೋನಿನ ಪಕ್ಕದಲ್ಲೇ ಕೂತಿದ್ದಳೇನೋ.

"ಏನೂ ಕೇಳಬೇಡ. ಎಲ್ಲ ಕಿಟಕಿ ತೆರಿ, ಜಾಕೆಟ್ ಹಾಕ್ಕೋ, ಹೊರಗೆ ಹೋಗು. ಭರಣಿ ಮುಟ್ಟಬೇಡ."

"ಎಲ್ಲಿಗೆ ಹೋಗ್ಲಿ ಅಕ್ಕ? ಮೈನಸ್ ಹದಿನಾಲ್ಕು. ಬಸ್ ಕಾರ್ಡ್ ಅವರ ಹತ್ರ ಇದೆ. ನಂಗಿಲ್ಲಿ ಯಾರೂ ಗೊತ್ತಿಲ್ಲ."

"ಸೆಂಟರಿನ ಲೈಬ್ರರಿಗೆ ನಡ್ಕೊಂಡು ಹೋಗು. ಅಲ್ಲೇ ಕೂತಿರು, ಯಾರೂ ಏನೂ ಕೇಳಲ್ಲ. ನಾನು ಜನ ಕಳಿಸ್ತೀನಿ."

"ಅಕ್ಕ, ಎರಡು ದಿನದಿಂದ ಬಾಯಿ ತುಂಬ ಕಬ್ಬಿಣದ ರುಚಿ. ಬಸುರಿಯರಿಗೆ ಹಾಗೇ ಅಂತ ಅತ್ತೆ ಹೇಳಿದ್ರು."

"ಹೊರಡು ಮಗಾ" ಎಂದೆ.

ಮೇಲಧಿಕಾರಿ ಇನ್ನೂ ಕಾಫಿಯ ಮುಂದೆಯೇ ಇದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಆತ ಕೇಳಿ ಮುಗಿದ ಮೇಲೆ ಮೊದಲು ಫೋನೆತ್ತಿ ಕೊಮ್ಮೂನಿನವರಿಗೆ ತಿಳಿಸಿದ. ವಿಳಾಸ, ಬಸುರಿ, ಲೈಬ್ರರಿ, ವ್ಯಾಕ್ಯೂಮ್, ಎಲ್ಲವನ್ನೂ ಲೋಡಿನ ವಿವರ ಓದುವ ಹಾಗೆ ಸ್ಪಷ್ಟವಾಗಿ ಹೇಳಿದ. ಆಮೇಲೆ ನನ್ನತ್ತ ತಿರುಗಿದ.

"ಹಳೆಯ ಗುಡ್ಡದಲ್ಲಿ ಎಷ್ಟು ಚೀಲ?"

"ಏಳು."

"ಎಲ್ಲೆಲ್ಲಿ?"

ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದೆ. ಪೆನ್ಸಿಲಿನಿಂದ ಗುರುತು ಮಾಡಿಕೊಂಡ. ಆ ಕಬ್ಬಿಣದ ಪೆಟ್ಟಿಗೆಯ ದಾಖಲೆ ಪುಸ್ತಕ ತೆರೆದು ನೋಡಿದ. ಅಪಾಯದ ವಸ್ತು ಸಿಕ್ಕಿದರೆ ಸಮಯ ಬರೆಯಬೇಕು, ನಾನು ಬರೆದಿದ್ದೆ. ಅಭ್ಯಾಸಬಲ. ಎಂಟು ಗಂಟೆ ಐದು ನಿಮಿಷ. ಆತ ಆ ಅಂಕೆಯನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ, ನನ್ನ ಜಾಕೆಟ್ಟಿನ ಜೇಬನ್ನು ನೋಡಿದ.

"ಸಹಿ ಹಾಕಿದ ಮೇಲೆ ನಾನು ವಾಪಸ್ಸು ಕೇಳುವವನಲ್ಲ" ಎಂದ. ಅಷ್ಟೇ. ಅಂದಿನಿಂದ ಆತ ಫೀಕಾದ ಕಾಫಿಯನ್ನು ಲಾರಿ ಚಾಲಕರ ಜೊತೆ ಕುಡಿಯತೊಡಗಿದ. ಒಂದೂ ಕಟು ಮಾತಾಡಲಿಲ್ಲ.

ಗಾಳಿಯಲ್ಲಿನ ಪಾದರಸ ಅಳೆಯುವ ಯಂತ್ರ ಹಿಡಿದು ಹೋದವರು, ಆಕೆಯನ್ನು ಲೈಬ್ರರಿಯಿಂದ ಆಸ್ಪತ್ರೆಗೆ ಕಳಿಸಿ, ಅದೇ ಸಂಜೆ ಆ ಮನೆಗೆ ಬೀಗ ಹಾಕಿಸಿದರು. ಗಂಡ ಹೆಂಡತಿ ಮೂರು ವಾರ ಬೇರೆಯವರ ಮನೆಯ ಸೋಫಾದ ಮೇಲೆ ಮಲಗಿದರು, ಆ ಬಾಡಿಗೆ ಮನೆ ಕೈತಪ್ಪಿತು. ಕಾರ್ಪೆಟ್ಟು, ವ್ಯಾಕ್ಯೂಮು, ಹಾಸಿಗೆ, ಆ ಕೋಣೆಯಲ್ಲಿದ್ದ ಬಟ್ಟೆಬರೆ ಎಲ್ಲವೂ ಮುಚ್ಚಿದ ಡ್ರಮ್ಮುಗಳಲ್ಲಿ ನಮ್ಮ ಗೇಟಿಗೇ ಬಂದವು, ಅಲ್ಲಿಂದ ಮುಂದೆ ಪಾದರಸವನ್ನು ಸಂಭಾಳಿಸುವ ಜಾಗಕ್ಕೆ ಹೋಗಲು. ಪಾಳಿ ನನ್ನದೇ ಆಗಿತ್ತು. ಪಟ್ಟಿಯ ಪ್ರಕಾರ ತಾಳೆ ನೋಡಿದೆ. ರೇಷ್ಮೆ ಸೀರೆ, ಮೂರು. ಮಗುವಿನ ಕುಲಾವಿ, ಒಂದು. ಸರಿಯಾಗಿದೆ ಎಂದು ಸಹಿ ಹಾಕಿದೆ.

ಏಪ್ರಿಲಿನಲ್ಲಿ ಮಣ್ಣು ಸಡಿಲವಾದ ಮೇಲೆ ಏಳು ಚೀಲಗಳನ್ನೂ ಅಗೆದು ತೆಗೆದೆವು. ಕಾಂಕ್ರೀಟಿನ ಅಂಗಳದಲ್ಲಿ, ಮುಖವಾಡ ಹಾಕಿ, ಮೇಲಧಿಕಾರಿಯ ಎದುರು ಒಂದೊಂದರ ಗಂಟನ್ನು ನಾನೇ ಬಿಚ್ಚಿದೆ. ಮೊದಲ ಗಂಟು ಬಿಚ್ಚಲು ಹೊತ್ತು ಹಿಡಿಯಿತು, ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ಪಟಗಳು, ಹಳೆಯ ಪಂಚಾಂಗ, ಕಾಲು ಮುರಿದ ಹಿತ್ತಾಳೆ ದೀಪ. ಪಾದರಸ ಬೇರೆಲ್ಲೂ ಇರಲಿಲ್ಲ. ಹಬ್ಬದೂಟಕ್ಕೆ ಕರೆಯುವುದು ಅಷ್ಟು ಹೊತ್ತಿಗೆ ನಿಂತಿತ್ತು. ನಮ್ಮವರೇ ನಮ್ಮವರನ್ನು ಕೊಮ್ಮೂನಿಗೆ ಹಿಡಿದುಕೊಟ್ಟರು ಎಂಬ ಮಾತು ಸೊಲ್ಲೆಂಟುನಾ ತುಂಬ ಓಡಾಡುತ್ತಿತ್ತು. ನನ್ನ ಪರವಾನಗಿ ಬಂತು, ಎರಡು ವರ್ಷಕ್ಕೆ. ಅದೇ ಗೇಟು, ಅದೇ ಕ್ಯಾಬಿನ್, ಮಾತಾಡದ ಅದೇ ಮೇಲಧಿಕಾರಿ. ಬಿಟ್ಟು ಹೋಗುವ ಹಾಗಿಲ್ಲ. ಬೇಕೆಂದು ಹಟಹಿಡಿದು ಪಡೆದ ಬೋನು.

ಹೆರಿಗೆಯಾದದ್ದು ಏಪ್ರಿಲ್ ಕೊನೆಗೆ, ಹೆಣ್ಣು ಮಗು. ಫ್ಲೆಮಿಂಗ್ಸ್‌ಬೆರ್ಯ್‌ನ ಆಸ್ಪತ್ರೆಯಲ್ಲಿ ತಾಯಿಯನ್ನೂ ಮಗುವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆಂದು ಯಾರದೋ ಬಾಯಿಂದ ಕೇಳಿದೆ. ನಾನಾಗಿ ವಿಚಾರಿಸುವ ಧೈರ್ಯ ಬರಲಿಲ್ಲ. ಜುಲೈಯಲ್ಲಿ ಆಕೆಯೇ ಫೋನು ಮಾಡಿ ಶನಿವಾರ ಕಾಫಿಗೆ ಕರೆದಳು.

ಹೊಸ ಮನೆ ಊರಾಚೆ ಇತ್ತು, ಸಣ್ಣದು. ಕಿಟಕಿಗಳೆಲ್ಲ ತೆರೆದಿದ್ದವು. ಗಂಡ ಅಂಗಡಿಗೆ ಹೋಗಿದ್ದ. ಆಕೆ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಫಿಲ್ಟರ್ ಕಾಫಿ ತಂದಳು. ಮಗು ನನ್ನ ಬೆರಳು ಹಿಡಿದುಕೊಂಡಿತು. ಹಿಡಿತ ಗಟ್ಟಿಯಾಗಿದೆಯೇ, ಕೈ ನಡುಗುತ್ತಿದೆಯೇ, ಕಣ್ಣು ಬೆಳಕನ್ನು ಹಿಂಬಾಲಿಸುತ್ತಿದೆಯೇ ಎಂದು ನೋಡುತ್ತಿದ್ದೆ. ನೋಡುವುದು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ.

"ಡಾಕ್ಟ್ರು ಈಗ ಏನೂ ಕಾಣಿಸ್ತಿಲ್ಲ ಅಂದ್ರು" ಎಂದಳು ಆಕೆ. "ಸ್ಕೂಲಿಗೆ ಹೋಗೋವರೆಗೂ ನೋಡ್ತಾ ಇರ್ಬೇಕಂತೆ. ಆಮೇಲೇ ಗೊತ್ತಾಗೋದಂತೆ."

ನಾನು ತಲೆಯಾಡಿಸಿದೆ.

"ಅಕ್ಕ, ಒಂದು ಕೇಳ್ಲಾ? ನೀವು ಎಂಟು ಗಂಟೆಗೇ ಫೋನ್ ಮಾಡಿದ್ರಿ ಅಂತಾರೆ ಇವರು. ನಂಗೆ ಮಾಡಿದ್ದು ಹನ್ನೊಂದೂವರೆಗೆ. ಅವತ್ತು ಎರಡು ಸಲ ವ್ಯಾಕ್ಯೂಮ್ ಮಾಡಿದ್ದೆ ನಾನು. ನಂಬರ್ ಇತ್ತಲ್ವಾ ನಿಮ್ಮ ಹತ್ರ?"

ದನಿಯಲ್ಲಿ ಸಿಟ್ಟಿರಲಿಲ್ಲ. ಲೈನು ಸಿಗಲಿಲ್ಲ ಎನ್ನಬಹುದಿತ್ತು, ಲಾರಿ ಬಂದಿತ್ತು ಎನ್ನಬಹುದಿತ್ತು. ಆಕೆ ನಂಬುತ್ತಿದ್ದಳು. ಬೆರಳು ಹಿಡಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ನನ್ನ ಪರ್ಮಿಟ್ ಪತ್ರಕ್ಕೆ ಅವತ್ತು ಸಹಿ ಆಗೋದಿತ್ತು" ಎಂದೆ. "ಮೊದಲೇ ಹೇಳಿದ್ರೆ ಸಹಿ ಹಾಕ್ತಿರಲಿಲ್ಲ. ಅದಕ್ಕೆ ಕಾದೆ."

ಆಕೆ ತನ್ನ ಲೋಟವನ್ನು ಕೆಳಗಿಟ್ಟಳು.

"ಸಹಿ ಆಯ್ತಾ?"

"ಆಯ್ತು."

ಆಕೆ ಬಗ್ಗಿ, ನನ್ನ ಬೆರಳಿನಿಂದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡಳು. "ಹಾಲು ಕುಡಿಯೋ ಟೈಮ್ ಆಯ್ತು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಲೋಟದಲ್ಲಿದ್ದ ಕಾಫಿಯನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಹೊರಟೆ.